ಎದೆ ನೋಯುವ ಮೊದಲು ರಕ್ತ ಹೇಳುವುದೇನು?

"ಶುಗರ್ ಇದೆ ನಿಜ, ಆದರೆ ಎದೆ ಎಂದೂ ನೋವಾಗಿಲ್ಲ, ಹಾರ್ಟ್ ಗಟ್ಟಿಯಾಗಿದೆ." ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವವರಿಂದ ಈ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಬಹುಕಾಲದ ಮಧುಮೇಹ ನರಗಳನ್ನೂ ಕೆಡಿಸುತ್ತದೆ. ಹೃದಯದ ನೋವನ್ನು ಮಿದುಳಿಗೆ ಮುಟ್ಟಿಸುವ ನರವೇ ಮಂಕಾದರೆ ಹೃದಯಾಘಾತವೂ ಸದ್ದಿಲ್ಲದೆ ಆಗಿಹೋಗಬಹುದು.

ಎಚ್‌ಬಿಎ1ಸಿ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಕೊಡುತ್ತದೆ. ರಕ್ತದಲ್ಲಿ ಟ್ರೊಪೋನಿನ್ ಎಂಬ ಪ್ರೋಟೀನ್ ಏರುವುದು ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಮೇಲೆ. ಇವೆರಡರ ನಡುವಿನ ವರ್ಷಗಳಲ್ಲಿ ರಕ್ತನಾಳದ ಒಳಪದರ ಹೇಗಿದೆ ಎಂದು ತಿಳಿಯಲು ವಿಜ್ಞಾನಿಗಳು ಈಗ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಅಣುಗಳ ಬೆನ್ನು ಹತ್ತಿದ್ದಾರೆ.

ಇದರ ಕಥೆ ಶುರುವಾದದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರ ತಂಡಗಳು ಲಿನ್-4 ಎಂಬ ಪುಟ್ಟ ಆರ್‌ಎನ್‌ಎ ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟವು. ಅದು ಆ ಹುಳುವಿನದೇ ವಿಚಿತ್ರ ಎಂದು ಬಹಳ ಜನ ಸುಮ್ಮನಾದರು. 2000ದಲ್ಲಿ ರುವ್ಕುನ್ ತಂಡ ಲೆಟ್-7 ಎಂಬ ಇನ್ನೊಂದನ್ನು ಮನುಷ್ಯನಲ್ಲೂ ಕಂಡಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಹುಳುವಿನ ಬೆಳವಣಿಗೆ ನೋಡಿ ಏನು ಪ್ರಯೋಜನ ಎಂದು ಕೇಳುವವರು ಈ ಮೂರು ದಶಕಗಳನ್ನೊಮ್ಮೆ ನೋಡಲಿ.

ಮೈಕ್ರೋಆರ್‌ಎನ್‌ಎ ಎಂದರೆ ಆರ್‌ಎನ್‌ಎ ಸರಪಳಿಯ ಸುಮಾರು 22 ಅಕ್ಷರಗಳ ಚೂರು. ಧಾರವಾಡದ ಖಾನಾವಳಿಯಲ್ಲಿ ಬಡಿಸುವವನು "ಇನ್ನು ನಾಲ್ಕು ರೊಟ್ಟಿ" ಎಂದು ಒಳಗೆ ಕೂಗುತ್ತಾನೆ, ಒಲೆಯ ಬಳಿ ನಿಂತವರೊಬ್ಬರು "ಬೇಡ, ಸಾಕು" ಎಂದು ತಡೆಯುತ್ತಾರೆ ಎಂದುಕೊಳ್ಳಿ. ಹಿಟ್ಟೂ ಇದೆ, ಒಲೆಯೂ ಉರಿಯುತ್ತಿದೆ. ಬಿದ್ದುಹೋದದ್ದು ಆ ಕೂಗು ಮಾತ್ರ. ಜೀನ್ ಹೊರಡಿಸುವ ಕೂಗು ಸಂದೇಶವಾಹಕ ಆರ್‌ಎನ್‌ಎ, ತಡೆಯುವವರು ಮೈಕ್ರೋಆರ್‌ಎನ್‌ಎ. ಜೀನ್ ಹಾಗೆಯೇ ಇರುತ್ತದೆ, ಪ್ರೋಟೀನ್ ಮಾತ್ರ ಕಡಿಮೆಯಾಗುತ್ತದೆ.

ರಕ್ತನಾಳದ ಒಳಪದರದಲ್ಲಿ ಹೇರಳವಾಗಿರುವ ಎಂಐಆರ್-126 ಎಂಬ ಮೈಕ್ರೋಆರ್‌ಎನ್‌ಎ ತಡೆಯುವುದು ಯಾವುದನ್ನು ಗೊತ್ತೇ? ನಾಳದ ದುರಸ್ತಿಗೆ ಅಡ್ಡಬರುವ ಸ್ಪ್ರೆಡ್-1 ಎಂಬ ಪ್ರೋಟೀನನ್ನು. ಅಡ್ಡಿಗೇ ಅಡ್ಡಿ! ಎಂಐಆರ್-126 ಕುಗ್ಗಿದರೆ ಸ್ಪ್ರೆಡ್-1 ಹೆಚ್ಚುತ್ತದೆ, ದುರಸ್ತಿ ಸೊರಗುತ್ತದೆ. ಈ ಸೊಗಸಾದ ವ್ಯವಸ್ಥೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆರ್‌ಎನ್‌ಎ ರಕ್ತದಲ್ಲಿ ಬೇಗ ಚೂರಾಗುವ ವಸ್ತು. ಆದರೆ ಈ ಪುಟ್ಟವು ಕೊಬ್ಬಿನ ಪೊರೆಯ ಪುಟ್ಟ ಚೀಲಗಳೊಳಗೆ ಅಥವಾ ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತವೆ, ಹೀಗಾಗಿ ಅಳೆಯಬಹುದು. ಉತ್ತರ ಇಟಲಿಯ ಬ್ರೂನೆಕ್ ಪಟ್ಟಣದ ನಿವಾಸಿಗಳ ರಕ್ತವನ್ನು ಪರೀಕ್ಷಿಸಿದ ಸಂಶೋಧಕರು, ಎರಡನೇ ಬಗೆಯ ಮಧುಮೇಹಿಗಳಲ್ಲಿ ಎಂಐಆರ್-126 ಕಡಿಮೆಯಿದೆ ಎಂದು 2010ರಲ್ಲಿ ವರದಿ ಮಾಡಿದರು. ಮಧುಮೇಹ ಮುಂದೆ ಕಾಣಿಸಿಕೊಳ್ಳಲಿದ್ದ ಕೆಲವರಲ್ಲೂ ಅದರ ಕುರುಹು ಇತ್ತು.

ಇಷ್ಟು ಓದಿ ಲ್ಯಾಬಿಗೆ ಓಡಬೇಡಿ. ರಕ್ತದಲ್ಲಿನ ಎಂಐಆರ್-126 ಒಳಪದರದಿಂದಷ್ಟೇ ಬರುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಂದಲೂ ಬರುತ್ತದೆ. ಪ್ಲೇಟ್‌ಲೆಟ್‌ಗಳನ್ನು ತಣಿಸುವ ಔಷಧ ತೆಗೆದುಕೊಂಡರೆ ಅದರ ಮಟ್ಟ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬೆರೆತ ರಕ್ತದಲ್ಲಿ ಅಳತೆಯೇ ಕೆಡುತ್ತದೆ. ಹೃದ್ರೋಗಿಗಳಿಗೆ ಕೊಡುವುದು ಈ ಔಷಧಗಳನ್ನೇ ಎಂಬುದೇ ದೊಡ್ಡ ತೊಡಕು. ಅದಕ್ಕಾಗಿಯೇ ಇದು ಇನ್ನೂ ಸಂಶೋಧನಾಲಯ ದಾಟಿ ಆಸ್ಪತ್ರೆಯ ಚೀಟಿಯವರೆಗೆ ಬಂದಿಲ್ಲ. ಅಲ್ಲಿಯವರೆಗೆ ರಕ್ತದೊತ್ತಡ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್, ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಸೋರುವ ಅಲ್ಬುಮಿನ್ ಮೂತ್ರಪಿಂಡದ ಸುದ್ದಿಯ ಜೊತೆಗೆ ಸಣ್ಣ ರಕ್ತನಾಳಗಳ ಸುದ್ದಿಯನ್ನೂ ತರುತ್ತದೆ.