ಗೆದ್ದ ಮೇಲೆ ಜನ ತಾವಾಗಿಯೇ ಬರುತ್ತಾರಾ?

ಪ್ರಶ್ನೆ: ಕೆಲಸ ಕೇಳಿದ ಕಡೆಯೆಲ್ಲ ಬೇಡ ಅಂದರು. ಇಷ್ಟಪಟ್ಟವರೂ ಬೇಡ ಅಂದರು. ಹೇಳಿಕೊಳ್ಳೋಣ ಅಂದರೆ ಗೆಳೆಯರೂ ಇಲ್ಲ. ಇನ್ನು ಯಾರ ಹತ್ತಿರವೂ ಹೋಗದೆ ಒಬ್ಬನೇ ಕೂತು ಸಾಧಿಸಿ ತೋರಿಸುತ್ತೇನೆ. ಗೆದ್ದ ಮೇಲೆ ಜನ ತಾವಾಗಿಯೇ ಬರುತ್ತಾರೆ ಅಲ್ವಾ?

ಉತ್ತರ: ಬರುವುದಿಲ್ಲ. ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಆದರೆ ಪ್ರತಿ ಸಲ ಕೇಳುವವರು ಹೊಸಬರು, ಅವರ ನೋವೂ ಹೊಸದು. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

ನಿಮ್ಮ ನೋವಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಜೊತೆ ಅಂಟಿಕೊಂಡಿರುವ ಕಥೆಯ ಬಗ್ಗೆ: ದೊಡ್ಡವರೆಲ್ಲ ಒಬ್ಬಂಟಿಯಾಗಿದ್ದೇ ದೊಡ್ಡವರಾದರು ಎಂಬ ಕಥೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಕಾಲೇಜಿನಲ್ಲಿ ಫೇಲಾದರು, ಯಾರ ನೆರವೂ ಇಲ್ಲದೆ ಒಂದು ಪತ್ರ ಬರೆದರು, ಕೇಂಬ್ರಿಜ್ ಬಾಗಿಲು ತೆರೆಯಿತು ಅಂತ. ಫೇಲಾಗಿದ್ದು ನಿಜ. ಉಳಿದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ.

1910ರ ಹೊತ್ತಿಗೆ ಅವರಿಗೆ ಪದವಿ ಇಲ್ಲ, ಕೆಲಸ ಇಲ್ಲ, ಮದುವೆ ಬೇರೆ ಆಗಿತ್ತು. ನೋಟ್‌ಬುಕ್ ಹಿಡಿದುಕೊಂಡು ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರ್ ಹತ್ತಿರ ಹೋದರು. ಕೇಳಿದ್ದು ಗುಮಾಸ್ತೆ ಕೆಲಸ. ಭಾರತದ ಗಣಿತ ಸಂಘ ಕಟ್ಟಿದವರೇ ಈ ಅಯ್ಯರ್. ನೋಟ್‌ಬುಕ್ ತಿರುವಿ ನೋಡಿದ ಅವರು ಕೆಲಸ ಕೊಡಲಿಲ್ಲ. ಬದಲಿಗೆ ಮದರಾಸಿನಲ್ಲಿದ್ದ ತಮ್ಮ ಗಣಿತದ ಗೆಳೆಯರಿಗೆ ಪರಿಚಯದ ಪತ್ರ ಕೊಟ್ಟು ಕಳಿಸಿದರು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿ ರಾಮಾನುಜನ್ ಮುಟ್ಟಿದ್ದು ಗಣಿತಪ್ರೇಮಿ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರನ್ನು. ರಾವ್ ಮೊದಲು ನಂಬಲಿಲ್ಲ. ಗೆಳೆಯನೊಬ್ಬ ಬಿಡದೆ ಮತ್ತೆ ಕರೆದುಕೊಂಡು ಹೋದ ಮೇಲೆ ನಂಬಿದರು, ತಿಂಗಳ ಖರ್ಚಿಗೆ ತಮ್ಮ ಕೈಯಿಂದಲೇ ಹಣ ಕೊಟ್ಟರು. 1912ರಲ್ಲಿ ಮದರಾಸು ಬಂದರಿನ ಕಚೇರಿಯಾದ ಪೋರ್ಟ್ ಟ್ರಸ್ಟ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೇಲಿನ ಹುದ್ದೆಯಲ್ಲಿದ್ದ ನಾರಾಯಣ ಅಯ್ಯರ್ ಕಚೇರಿ ಮುಗಿದ ಮೇಲೆ ಅವರ ಜೊತೆ ಕೂತು ಗಣಿತ ಮಾಡುತ್ತಿದ್ದರು. ಆಮೇಲೆ ಕೇಂಬ್ರಿಜ್‌ಗೆ ಪತ್ರಗಳು ಹೋದವು. ಬೇಕರ್, ಹಾಬ್ಸನ್ ಎಂಬ ಇಬ್ಬರು ಗಣಿತಜ್ಞರಿಂದ ಏನೂ ಪ್ರಯೋಜನವಾಗಲಿಲ್ಲ. 1913ರ ಜನವರಿ 16ರಂದು ಅಲ್ಲಿನ ಇನ್ನೊಬ್ಬ ಗಣಿತಜ್ಞ ಹಾರ್ಡಿಗೆ ಬರೆದದ್ದು ಇಷ್ಟೆಲ್ಲ ಆದ ಮೇಲೆ. ಆ ಹಾರ್ಡಿ ಕೂಡ ಒಬ್ಬರೇ ತೀರ್ಮಾನಿಸಲಿಲ್ಲ, ಜೊತೆಗಾರ ಗಣಿತಜ್ಞ ಲಿಟಲ್‌ವುಡ್ ಜೊತೆ ಕೂತು ಓದಿದರು.

ಈಗ ಹೇಳಿ, ಇದರಲ್ಲಿ ಒಬ್ಬಂಟಿ ಎಲ್ಲಿದ್ದಾರೆ? ಗೆದ್ದ ಮೇಲೆ ಜನ ಸಿಕ್ಕಿದರು ಅನ್ನುತ್ತೀರಾ? 1918ರಲ್ಲಿ, ಇಂಗ್ಲೆಂಡಿನಲ್ಲಿದ್ದಾಗ, ಅಲ್ಲಿನ ಹೆಸರಾಂತ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಫೆಲೋ ಆದರು. ಆಗ ಅವರಿಗೆ ಕಾಯಿಲೆ, ಸುತ್ತ ಮಹಾಯುದ್ಧ, ಮನೆಯವರು ಸಮುದ್ರದಾಚೆ. ಅಂಥ ಗೆಲುವೂ ಆ ಒಂಟಿತನವನ್ನು ಕಳೆಯಲಿಲ್ಲ.

ಇನ್ನೊಂದು ಉದಾಹರಣೆ ಚಿಕ್ಕದಾಗಿ ಹೇಳುತ್ತೇನೆ. ವಿಜ್ಞಾನಿ ಕಾತಲಿನ್ ಕರಿಕೊ ಅವರ ಎಂಆರ್‌ಎನ್‌ಎ (ಜೀವಕೋಶಕ್ಕೆ ಪ್ರೋಟೀನ್ ತಯಾರಿಸುವ ಸೂಚನೆ ಒಯ್ಯುವ ಅಣು) ಸಂಶೋಧನೆಗೆ ಹಣ ಸಿಗಲಿಲ್ಲ, 1995ರಲ್ಲಿ ಹುದ್ದೆಯಲ್ಲೂ ಕೆಳಗಿಳಿಸಿದರು. ಮುಂದೆ ಅವರಿಗೆ ಇನ್ನೊಬ್ಬ ವಿಜ್ಞಾನಿ ಡ್ರೂ ವೈಸ್‌ಮನ್ ಪರಿಚಯವಾದದ್ದು ಜೆರಾಕ್ಸ್ ಮೆಷಿನ್ ಹತ್ತಿರ ನಡೆದ ಮಾತಿನಲ್ಲಿ. ಇಬ್ಬರೂ ಸೇರಿ ಮಾಡಿದ ಕೆಲಸ 2005ರಲ್ಲಿ ಪ್ರಕಟವಾಯಿತು, 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಈ ಸುಳ್ಳು ಯಾಕೆ ಇಷ್ಟು ಗಟ್ಟಿ? ಒಳಗೆ ಮುದುರಿಕೊಳ್ಳುವ ಆಸೆಗೆ ಇದು ಒಳ್ಳೆಯ ಹೆಸರು ಕೊಡುತ್ತದೆ. ಒಂಟಿತನವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಜಾನ್ ಕಾಸಿಯೊಪ್ಪೊ ತೋರಿಸಿದ್ದು ಇದನ್ನೇ. ಒಂಟಿಯಾದ ಮನಸ್ಸು ಅಪಾಯವನ್ನೇ ಹುಡುಕುತ್ತಿರುತ್ತದೆ. ಯಾರೋ ಉತ್ತರಿಸಲು ತಡಮಾಡಿದರೆ ‘ನಾನು ಬೇಡವಾದೆ’ ಅಂದುಕೊಳ್ಳುತ್ತದೆ. ಆಮೇಲೆ ನಾವೇ ಮುಖ ಬಿಗಿಯುತ್ತೇವೆ, ಎದುರಿನವರೂ ಹಿಂದೆ ಸರಿಯುತ್ತಾರೆ. 2011ರಲ್ಲಿ ಅವರ ತಂಡ ಒಂಟಿತನ ಕಡಿಮೆ ಮಾಡುವ ಪ್ರಯತ್ನಗಳನ್ನೆಲ್ಲ ಒಟ್ಟಿಗೆ ಅಳೆದು ನೋಡಿತು. ಮಾತಾಡುವ ಕಲೆ ಹೇಳಿಕೊಡುವುದಕ್ಕಿಂತ, ಜನರ ನಡುವೆ ಬಿಡುವುದಕ್ಕಿಂತ, ಈ ತಪ್ಪು ಊಹೆಗಳನ್ನು ತಿದ್ದುವುದೇ ಜಾಸ್ತಿ ಕೆಲಸ ಮಾಡಿತ್ತು.

ಊಹೆ ತಪ್ಪು ಅನ್ನುವುದು ಸುಮ್ನೆ ಸಮಾಧಾನದ ಮಾತಲ್ಲ. 2018ರ ಒಂದು ಸಂಶೋಧನೆಯಲ್ಲಿ ಅಪರಿಚಿತರನ್ನು ಮಾತಿಗೆ ಕೂರಿಸಿದರು. ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಎಂಬುದನ್ನು ಜನ ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದ್ದರು. ನೆರವು ಕೇಳಿದರೆ ಎಷ್ಟು ಜನ ಒಪ್ಪುತ್ತಾರೆ ಎಂಬ ಅಂದಾಜೂ ಹಾಗೆಯೇ ತುಂಬಾ ಕೆಳಗಿರುತ್ತದೆ ಎಂದು 2008ರ ಇನ್ನೊಂದು ಅಧ್ಯಯನ ತೋರಿಸಿತು.

ಮಾಡಬೇಕಾದ್ದು ಇಷ್ಟೇ: ವಾರವಾರವೂ ಅದೇ ಜನ ಸೇರುವ ಒಂದು ಜಾಗ ಹಿಡಿಯಿರಿ. ಆಟ, ಹಾಡು, ತರಗತಿ, ಏನಾದರೂ ಸರಿ. ಪರಿಚಯ ಸ್ನೇಹವಾಗಲು ಸುಮಾರು 50 ಗಂಟೆಯ ಒಡನಾಟ, ಆಪ್ತತೆಗೆ 200 ಗಂಟೆಗೂ ಮೇಲೆ ಬೇಕು ಎಂದು ಸಂಶೋಧಕ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ವಾರಕ್ಕೆ ಎರಡು ಗಂಟೆಯಾದರೆ 50 ಗಂಟೆಗೇ ಅರ್ಧ ವರ್ಷ. ಮೂರನೇ ವಾರಕ್ಕೆ ‘ಯಾರೂ ಹತ್ತಿರವಾಗಲಿಲ್ಲ’ ಅಂತ ಬಿಟ್ಟು ಬರಬೇಡಿ. ಕೆಲಸಕ್ಕಂತೂ ಆಪ್ತರೇ ಬೇಕಿಲ್ಲ. ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಅಪರೂಪಕ್ಕೆ ಸಿಗುವ ಪರಿಚಯದವರಿಂದ ಎಂದು ಸಮಾಜವಿಜ್ಞಾನಿ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲೇ ಬರೆದರು. ಊಟ, ನಿದ್ದೆಯೇ ಬಿಟ್ಟುಹೋಗಿದ್ದರೆ ಮಾತ್ರ ಮೊದಲು ವೈದ್ಯರನ್ನು ನೋಡಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾವೇ ಬೇರೆಯವರಿಗೆ ಬೇಡ ಅನ್ನಬೇಕಾದಾಗ ಹೇಗೆ ಅನ್ನಬೇಕು? ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಕಂಪ್ಯೂಟರಿನಲ್ಲಿ ಚೆಂಡು ದಾಟಿಸುವ ಒಂದು ಆಟ ಮಾಡಿದರು. ಸ್ವಲ್ಪ ಹೊತ್ತಿನ ನಂತರ ಒಬ್ಬರಿಗೆ ಚೆಂಡು ಬರುವುದೇ ನಿಲ್ಲುತ್ತದೆ. ಅಷ್ಟಕ್ಕೇ ಜನ ನೊಂದುಕೊಂಡರು, ಎದುರು ಆಡುತ್ತಿರುವುದು ಬರೀ ಕಂಪ್ಯೂಟರ್ ಎಂದು ಗೊತ್ತಿದ್ದಾಗಲೂ. ಹಾಗಿರುವಾಗ ಅರ್ಜಿ ಹಾಕಿದವರಿಗೆ ಉತ್ತರವನ್ನೇ ಕೊಡದಿರುವುದು ಎಂಥ ಏಟು! ‘ಬೇರೆಯವರನ್ನು ತೆಗೆದುಕೊಂಡಿದ್ದೇವೆ. ನಿಮ್ಮ ಬರವಣಿಗೆ ಚೆನ್ನಾಗಿದೆ, ಲೆಕ್ಕದಲ್ಲಿ ಇನ್ನಷ್ಟು ಅಭ್ಯಾಸ ಬೇಕು’ ಎಂದು ಬರೆಯಲು ಎರಡು ನಿಮಿಷ ಸಾಕು. ಬೇರೆ ಕಡೆ ಅವಕಾಶ ಇರುವುದು ಗೊತ್ತಿದ್ದರೆ ಅದನ್ನೂ ಸೇರಿಸಿ. ಪ್ರೀತಿಯ ವಿಷಯದಲ್ಲೂ ‘ನೋಡೋಣ’ ಅಂತ ತಿಂಗಳುಗಟ್ಟಲೆ ಎಳೆಯಬೇಡಿ. ‘ನನಗೆ ಆ ಭಾವನೆ ಇಲ್ಲ’ ಎಂದು ಒಂದೇ ಸಲ, ನೇರವಾಗಿ ಹೇಳಿ. ಕಾರಣಗಳ ಪಟ್ಟಿ ಕೊಡಬೇಕಾಗಿಲ್ಲ.