ಹೊಸ ಸಿಗಾರ್‌ಗೆ ಪೆಟ್ಟಿಗೆ ಬಿಚ್ಚಿದ ದಿನವೇ ಅಂಕ ಕೊಡಬಹುದೇ?

ಪ್ರಶ್ನೆ: ವಿದೇಶದಿಂದ ಬಂದ ಮಿತ್ರರೊಬ್ಬರು, ಈಗಷ್ಟೇ ಬಿಡುಗಡೆಯಾದ ನಿಕರಾಗುವಾದ ಸಿಗಾರ್‌ಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಅಂದೇ ಸೇದಿದಾಗ ಘಾಟು, ಕಹಿ ಎನಿಸಿದ್ದು ಒಂದು ತಿಂಗಳ ಬಳಿಕ ಸೊಗಸಾಗಿತ್ತು. ಇವೆರಡರಲ್ಲಿ ಯಾವುದನ್ನು ಅದರ ನಿಜವಾದ ಗುಣವೆಂದು ತಿಳಿಯಬೇಕು?

ಉತ್ತರ: ಎರಡನೆಯದನ್ನು. ಮೊದಲ ದಿನ ನಿಮ್ಮ ನಾಲಗೆಗೆ ತಾಕಿದ್ದರಲ್ಲಿ ಎಲೆಯ ರುಚಿಗಿಂತ ಅಮೋನಿಯಾ ಮತ್ತು ತೇವದ ಪಾಲೇ ಹೆಚ್ಚಿದ್ದಿರಬೇಕು.

ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿಗಾಗಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಒಲೆಮನೆಗಳಲ್ಲಿ ಕಾವು ಕೊಟ್ಟು ಸುಮಾರು ಒಂದು ವಾರದಲ್ಲಿ ಹದಮಾಡುತ್ತಾರೆ. ಸಿಗಾರ್ ಎಲೆಯ ದಾರಿ ಬೇರೆ. ಅದನ್ನು ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ, ದೊಡ್ಡ ರಾಶಿಗಳಲ್ಲಿ ಒಟ್ಟಿ, ರಾಶಿಯೊಳಗೆ ತಾನಾಗಿ ಏಳುವ ಕಾವಿನಲ್ಲಿ ಹುದುಗಲು ಬಿಡುತ್ತಾರೆ; ಆಗ ಎಲೆಯಲ್ಲಿನ ಸಾರಜನಕಯುಕ್ತ ಪದಾರ್ಥಗಳು ಒಡೆದು, ದನದ ಕೊಟ್ಟಿಗೆಯ ಗಂಜಲವನ್ನು ನೆನಪಿಸುವ ಅಮೋನಿಯಾ ಹೊರಬೀಳುತ್ತದೆ. ಸುತ್ತುವಾಗ ಎಲೆ ಮುರಿಯದಿರಲೆಂದು ಅದಕ್ಕೆ ಮತ್ತೆ ತೇವ ಕೊಡುವುದರಿಂದ, ಸುತ್ತಿದ ಸಿಗಾರ್‌ಗಳನ್ನು ಸ್ಪ್ಯಾನಿಷ್ ಸೀಡರ್ ಕಪಾಟುಗಳಿರುವ ಕೋಣೆಯಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಇಡುವುದು ವಾಡಿಕೆ. (ಹೆಸರಿನಲ್ಲಿ ಸೀಡರ್ ಇದ್ದರೂ ಇದು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ.) ಬಿಡುಗಡೆಯ ದಿನವನ್ನು ಮೊದಲೇ ಸಾರಿಬಿಟ್ಟಿದ್ದರೆ ಮೊಟಕಾಗುವುದು ಈ ವಿಶ್ರಾಂತಿಯೇ ಎಂಬುದು ನನ್ನ ಗುಮಾನಿ.

ಆದ್ದರಿಂದ ಹೊಸ ಸರಕನ್ನು ಶೇಕಡಾ 65ರಿಂದ 70ರಷ್ಟು ಆರ್ದ್ರತೆಯ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಇಟ್ಟು ಆಮೇಲೆ ತೂಗಿ ನೋಡುವುದು ನ್ಯಾಯ. ಆದರೆ ಕಾಲ ಎಲ್ಲ ದೋಷಗಳನ್ನೂ ಕಳೆಯುವುದಿಲ್ಲ. ಅಮೋನಿಯಾದ ಘಾಟು, ಹೆಚ್ಚಿನ ತೇವದಿಂದ ಪದೇ ಪದೇ ಆರಿಹೋಗುವುದು, ಇವು ಕಳೆಯುತ್ತವೆ. ಸುತ್ತಿದ ಕೈಯ ತಪ್ಪು ಕಳೆಯುವುದಿಲ್ಲ. ಹೊತ್ತಿಸುವ ಮುನ್ನವೇ ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಗಂಟಿನಂತೆ ಗಟ್ಟಿಯಾದ ಜಾಗ ಸಿಕ್ಕರೆ ಅಲ್ಲಿ ಹೊಗೆ ಸರಾಗವಾಗಿ ಬರಲಾರದು. ಗಿಡದ ತುದಿಯ ದಪ್ಪನೆಯ ಎಲೆಯಾದ ಲಿಗೆರೊ ನಿಧಾನವಾಗಿ ಉರಿಯುವುದರಿಂದ ಅದನ್ನು ನಟ್ಟನಡುವೆ ಇಡಬೇಕು. ಪಕ್ಕಕ್ಕೆ ಸರಿದಿದ್ದರೆ ಉರಿ ಒಂದೇ ಕಡೆ ಓಡುತ್ತದೆ. ಇಂಥದ್ದು ಒಂದರಲ್ಲಿ ಕಂಡರೆ ಆಕಸ್ಮಿಕವಿರಬಹುದು, ಮೂರರಲ್ಲಿ ಕಂಡರೆ ಅಂಕ ಕಳೆಯಬೇಕು.

ಸೇದುವ ಕ್ರಮದಲ್ಲಿ ಹೆಚ್ಚಿನ ಗುಟ್ಟೇನೂ ಇಲ್ಲ. ಊಟದ ನಂತರ, ಬರಿಯ ನೀರಿನೊಂದಿಗೆ, ನಿಮಿಷಕ್ಕೊಂದು ಎಳೆತ. ಅವಸರಿಸಿದರೆ ಒಳ್ಳೆಯ ಎಲೆಯೂ ಸುಟ್ಟು ಕಹಿಯಾಗುತ್ತದೆ. ಸಿಗಾರನ್ನು ಮೂರು ಭಾಗವಾಗಿ ಎಣಿಸಿ, ಪ್ರತಿ ಭಾಗದ ರುಚಿಯನ್ನು ಆಗಲೇ ಬರೆದಿಡಿ. ಸಿಗಾರ್‌ಗೆ ಸುತ್ತಿರುವ ಹೆಸರಿನ ಕಾಗದದ ಪಟ್ಟಿಯನ್ನು ಬೇರೆಯವರಿಂದ ತೆಗೆಸಿ ಸೇದುವುದು ಇನ್ನೂ ಮೇಲು: 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸಿಗಾರ್ ಅಫಿಷಿಯನಾಡೊ’ ಪತ್ರಿಕೆ 100 ಅಂಕಗಳ ಲೆಕ್ಕದಲ್ಲಿ ನಡೆಸುವ ಪರೀಕ್ಷೆಯಲ್ಲೂ ರುಚಿ ನೋಡುವವರಿಗೆ ಬ್ರ್ಯಾಂಡ್ ತಿಳಿಸುವುದಿಲ್ಲ.

ರುಚಿ ಮತ್ತು ತೀಕ್ಷ್ಣತೆಯನ್ನು ಒಂದೇ ಎಂದು ಬಗೆಯುವವರು ಬಹಳ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯವೂ ತಪ್ಪದು. ದೊಡ್ಡ ಸಿಗಾರ್ ಒಂದರಲ್ಲಿ ಸಿಗರೇಟಿನ ಒಂದು ಪ್ಯಾಕಿನಷ್ಟು ತಂಬಾಕಿರಬಹುದು. ಕೊನೆಯ ಭಾಗದಲ್ಲಿ ತಲೆ ಹಗುರಾದರೆ ಅದು ನಿಕೋಟಿನ್ನಿನ ಕೆಲಸ, ರುಚಿಯ ಖಾತೆಗೆ ಜಮೆ ಮಾಡುವಂಥದ್ದಲ್ಲ.

ತಿಂಗಳು ಕಳೆದ ಮೇಲೂ ನಿಮ್ಮ ಪೆಟ್ಟಿಗೆಯಲ್ಲಿ ಗಂಜಲದ ವಾಸನೆ ಉಳಿದಿದ್ದರೆ, ಎಲೆ ಹುದುಗುವ ಮೊದಲೇ ಕಾರ್ಖಾನೆ ಅವಸರಪಟ್ಟಿತೆಂದು ಹೇಳಬಹುದಿತ್ತು. ನಿಮ್ಮದು ಹಾಗಾಗಿಲ್ಲ.