ಕೆಂಪು ನೀರು ಯಾವ ತೋಡಿನದು?

"ಟಿವಿ ಚೆನ್ನಾಗಿ ಬರ್ತಾ ಇದೆ, ನೆಟ್ ಮಾತ್ರ ಇಲ್ಲ. ಮತ್ತೆ ಕೇಬಲ್ ಹಾಳಾಗಿದೆ ಅಂತ ಹೇಳುವುದು ಹೇಗೆ?"

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಈ ಪ್ರಶ್ನೆ ಕೇಳಿಸಿಕೊಳ್ಳದ ಕೇಬಲ್ ಹುಡುಗ ಇರಲಾರ. ಪ್ರಶ್ನೆಯೇನೋ ನ್ಯಾಯವಾದದ್ದೇ. ಆದರೆ ಒಂದೇ ಕೇಬಲಿನೊಳಗೆ ಎರಡು ದಾರಿಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಟಿವಿಯೂ ನಮಗೆ ಬರುವ ಡೇಟಾವೂ ಸುಮಾರು 100 ಮೆಗಾಹರ್ಟ್ಸ್‌ಗಿಂತ ಮೇಲಿನ ಅಗಲ ದಾರಿಯಲ್ಲಿ ಬರುತ್ತವೆ. ನಮ್ಮ ಮೋಡೆಮ್ ತಿರುಗಿ ಹೇಳುವ ಮಾತು ಕೆಳಗಿನ ಸಣ್ಣ ಓಣಿಯಲ್ಲಿ ಹೋಗಬೇಕು. ಸಾಮಾನ್ಯವಾಗಿ 5ರಿಂದ 42 ಅಥವಾ 65 ಮೆಗಾಹರ್ಟ್ಸ್ ಒಳಗೆ. ಸುಮ್ನೆ ವಿಡಿಯೊ ನೋಡುವಾಗಲೂ "ಈ ತುಂಡು ಸಿಕ್ಕಿತು, ಮುಂದಿನದು ಕಳಿಸು" ಎಂದು ಮನೆಯಿಂದ ಮಾತು ಹೋಗುತ್ತಲೇ ಇರುತ್ತದೆ. ಅದು ತಲುಪದಿದ್ದರೆ ಟಿವಿ ಎಷ್ಟು ಚೆನ್ನಾಗಿ ಬಂದರೂ ನೆಟ್ ಇಲ್ಲ.

ನನಗೆ ತುಂಬ ಇಷ್ಟವಾದ ಸಂಗತಿ ಈ ಓಣಿಯಲ್ಲೇ ಇದೆ. ಬರುವ ದಾರಿ ನೀರಿನ ಟ್ಯಾಂಕಿಯ ಪೈಪಿನ ಹಾಗೆ. ನಿಮ್ಮ ಮನೆಯ ನಲ್ಲಿ ತುಕ್ಕು ಹಿಡಿದರೆ ನಿಮಗೆ ಮಾತ್ರ ಕೆಂಪು ನೀರು. ಹೋಗುವ ದಾರಿ ಹಾಗಲ್ಲ, ಅದು ಹೊಳೆ. ನಮ್ಮ ಪಯಸ್ವಿನಿಯನ್ನೇ ನೋಡಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ದಾರಿಯುದ್ದಕ್ಕೂ ಪ್ರತಿ ತೋಟದ ತೋಡು ಅದಕ್ಕೇ ಬಂದು ಬೀಳುತ್ತದೆ. ಯಾರೋ ಒಬ್ಬರು ಗುಡ್ಡ ಅಗೆದರೆ ಕೆಳಗಿನವರೆಲ್ಲರ ನೀರು ಕೆಂಪು. ಕೇಬಲಿನಲ್ಲೂ ಮನೆಮನೆಯ ಗದ್ದಲ, ಅಂದರೆ ಬೇಡದ ವಿದ್ಯುತ್ ಸದ್ದು, ಹೀಗೇ ಒಟ್ಟಾಗಿ ಒಂದೇ ಬಾಯಿಗೆ ಬಂದು ಸುರಿಯುತ್ತದೆ. ನೂರು ಮನೆಗಳಿಂದ ಒಂದೇ ಅಳತೆಯ ಗದ್ದಲ ಬಂದರೆ ಒಟ್ಟು ನೂರು ಪಟ್ಟು, ಅಂದರೆ 20 ಡೆಸಿಬೆಲ್ ಜಾಸ್ತಿ. ಒಂದೇ ಮನೆ ಜೋರಾಗಿ ಗಲಾಟೆ ಮಾಡಿದರೂ ಸಾಕು, ಉಳಿದವರ ಮಾತು ಮುಳುಗಿಹೋಗುತ್ತದೆ.

ತೋಟದ ಈಚೆ ದಡದಿಂದ ಆಚೆ ದಡದವರನ್ನು ಕರೆಯುವುದನ್ನು ನೆನಪಿಸಿಕೊಳ್ಳಿ. ಸುತ್ತ ಮೌನ ಇದ್ದರೆ ಉದ್ದದ ವಾಕ್ಯವನ್ನೇ ಹೇಳಬಹುದು. ಪಂಪು ಓಡುತ್ತಿದ್ದರೆ ಬರೀ ಒಂದು ಕೂ ಹಾಕಬೇಕಷ್ಟೆ. ಮೋಡೆಮ್ ಮಾಡುವುದೂ ಇದನ್ನೇ. ಗದ್ದಲ ಹೆಚ್ಚಿದಾಗ ಒಂದು ಉಸಿರಿಗೆ ಆರು ಬಿಟ್ ಹೇಳುತ್ತಿದ್ದುದು ನಾಲ್ಕಕ್ಕೆ ಇಳಿಯುತ್ತದೆ, ಆಮೇಲೆ ಎರಡಕ್ಕೆ. ಅದಕ್ಕೇ ನೆಟ್ ನಿಧಾನ.

ಈ ಗದ್ದಲ ಒಳಗೆ ಬರುವುದಾದರೂ ಹೇಗೆ? ಕೇಬಲನ್ನು ಕತ್ತರಿಸಿ ನೋಡಿ. ನಡುವೆ ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಅಲ್ಯುಮಿನಿಯಂ ಹಾಳೆ ಮತ್ತು ಜಾಲರಿ. ಇಂಗ್ಲೆಂಡಿನ ವಿಜ್ಞಾನಿ ಆಲಿವರ್ ಹೆವಿಸೈಡ್ 1880ರಲ್ಲೇ ಇಂಥ ಕೇಬಲಿಗೆ ಪೇಟೆಂಟ್ ಪಡೆದಿದ್ದರು. ಜಾಲರಿ ಗಟ್ಟಿಯಾಗಿ ಕೂತಿರುವವರೆಗೆ ಹೊರಗಿನ ರೇಡಿಯೊ ಅಲೆ ಒಳಗೆ ನುಗ್ಗದು. ಕೇಬಲಿನ ತುದಿಗೆ ಹಾಕುವ ಪಿನ್ ಅರ್ಧ ಸುತ್ತು ಸಡಿಲವಾದರೆ ಅದೇ ಬಾಗಿಲು. ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ಪಿನ್ನುಗಳು ಬೇಗ ಹಸಿರುಗಟ್ಟುತ್ತವೆ. ಅಗ್ಗದ ಚಾರ್ಜರ್, ಮಿಕ್ಸಿ, ಶಾರ್ಟ್‌ವೇವ್ ರೇಡಿಯೊ ಪ್ರಸಾರ, ಎಲ್ಲದರ ಗದ್ದಲವೂ ಆ ಬಾಗಿಲಲ್ಲಿ ಒಳಗೆ ಬರುತ್ತದೆ.

ಗದ್ದಲ ಹುಡುಕುವ ಕೆಲಸವನ್ನು ಸಣ್ಣದೆಂದು ತಿಳಿಯಬೇಡಿ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಲ್ ಜಾನ್‌ಸ್ಕಿಗೆ ಇದೇ ಕೆಲಸ ಕೊಟ್ಟಿದ್ದರು. ಅಟ್ಲಾಂಟಿಕ್ ದಾಟುವ ರೇಡಿಯೊ ಫೋನಿನಲ್ಲಿ ಕರಕರ ಯಾಕೆ? ಸುತ್ತು ತಿರುಗುವ ದೊಡ್ಡ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟರು. ಅದು ಈಗ ನಮ್ಮ ಮೋಡೆಮ್ ಮಾತಾಡುವ ಓಣಿಯೇ! ಹತ್ತಿರದ ಗುಡುಗು ಸಿಕ್ಕಿತು, ದೂರದ ಗುಡುಗು ಸಿಕ್ಕಿತು. ಆಮೇಲೂ ಒಂದು ಸಣ್ಣ ಸುಯ್ ಶಬ್ದ ಉಳಿಯಿತು. ಅದು 23 ಗಂಟೆ 56 ನಿಮಿಷಕ್ಕೊಮ್ಮೆ ತಿರುಗಿ ಬರುತ್ತಿತ್ತು. ಸೂರ್ಯನ ಲೆಕ್ಕವಲ್ಲ, ನಕ್ಷತ್ರಗಳ ಲೆಕ್ಕ. ಅದು ಧನು ರಾಶಿಯ ದಿಕ್ಕಿನಲ್ಲಿ ನಮ್ಮ ಆಕಾಶಗಂಗೆಯ ಸದ್ದು ಎಂದು 1933ರಲ್ಲಿ ಪ್ರಕಟಿಸಿದರು. ರೇಡಿಯೊ ಖಗೋಳ ವಿಜ್ಞಾನ ಹುಟ್ಟಿದ್ದು ಅಲ್ಲಿ.

ನಮ್ಮ ಕಡೆ ಸಂಜೆಯಾದರೆ ನೆಟ್ ಹೋಗುತ್ತಿತ್ತು. ಪಕ್ಕದ ಮನೆಯವರು ಯಾರದೋ ಮಾತು ಕೇಳಿ ಮೋಡೆಮನ್ನು ಆಗ್ನೇಯ ಮೂಲೆಗೆ ಸಾಗಿಸಿದರು. ಎರಡು ದಿನ ಸರಿಯಾಯಿತು ಕೂಡ. ನನಗೆ ಚಿಂತೆಯಾಗುವುದು ಇಲ್ಲಿಯೇ. ಜಾಗ ಬದಲಿಸುವಾಗ ಪಿನ್ ಕಳಚಿ ಮತ್ತೆ ತಿರುಗಿಸಿರುತ್ತಾರಲ್ವಾ? ತುಕ್ಕು ಉಜ್ಜಿಹೋಗಿ ಜಾಲರಿ ಗಟ್ಟಿ ಕೂತಿರಬಹುದು. ಹೆಸರು ಬಂದದ್ದು ಮಾತ್ರ ಮೂಲೆಗೆ. ಮೂರನೆಯ ಸಂಜೆ ಮೊದಲಿನ ಕಥೆಯೇ.

ಕೊನೆಗೆ ಮೀಟರ್ ಹಿಡಿದು ಹುಡುಗ ಬಂದ. ಮನೆಯೊಳಗೆ ಬರಲೇ ಇಲ್ಲ. ರಸ್ತೆಯ ಕಂಬಕ್ಕೆ ಏಣಿ ಇಟ್ಟು ಆಂಪ್ಲಿಫೈಯರ್ ಪೆಟ್ಟಿಗೆ ತೆರೆದ. ಮೀಟರಿನ ಪರದೆಯ ತಳದಲ್ಲಿ ಗದ್ದಲ ತೋರಿಸುವ ಹುಲ್ಲಿನಂಥ ಗೆರೆ ಸೆಕೆಂಡಿಗೊಮ್ಮೆ ಧಡ್ಡನೆ ಮೇಲೇಳುತ್ತಿತ್ತು. ಒಂದೊಂದೇ ಕವಲನ್ನು ಕ್ಷಣಕಾಲ 6 ಡೆಸಿಬೆಲ್ ತಗ್ಗಿಸಿ ನೋಡಿದ. ಹಾಗೆ ಮಾಡಿದರೆ ಯಾರ ನೆಟ್ಟೂ ಕಡಿಯುವುದಿಲ್ಲ. ಎರಡು ಕವಲಿನಲ್ಲಿ ಗೆರೆ ಅಲುಗಲಿಲ್ಲ. ಮೂರನೆಯದರಲ್ಲಿ ತಗ್ಗಿತು. ಅದನ್ನೇ ಹಿಡಿದು ಮುಂದಿನ ಕಂಬ, ಅದರ ಮುಂದಿನ ಕಂಬ. ತೋಡು ಕೂಡುವಲ್ಲೆಲ್ಲ ನಿಂತು ಕೆಂಪು ನೀರು ಯಾವ ಕಡೆಯದು ಎಂದು ನೋಡಿದ ಹಾಗೆ.

"ಇದು ಬೇಲಿ ಮಾರಾಯ್ರೆ," ಎಂದ.

ಕವಲಿನ ಕೊನೆಯ ಮನೆಯವರು ಕಾಡುಹಂದಿ ಬಾರದಂತೆ ಸೋಲಾರ್ ಬೇಲಿ ಹಾಕಿದ್ದರು. ಸಂಜೆ ಅದನ್ನು ಚಾಲೂ ಮಾಡುತ್ತಿದ್ದರು. ಒದ್ದೆ ಬಳ್ಳಿಯೊಂದು ತಂತಿಗೆ ತಾಗಿ ಸೆಕೆಂಡಿಗೊಂದು ಕಿಡಿ ಹಾರುತ್ತಿತ್ತು. ಮೂರಡಿ ದೂರದಲ್ಲಿ ಮಾಡಿನ ಕೆಳಗೆ ಕೇಬಲಿನ ಪಿನ್, ಹಸಿರುಗಟ್ಟಿ ಸಡಿಲವಾಗಿ ನೇತಾಡುತ್ತಿತ್ತು. ಹುಡುಗ ಹೊಸ ಪಿನ್ ಹಾಕಿ ಸ್ಪಾನರ್‌ನಲ್ಲಿ ಬಿಗಿ ಮಾಡಿದ. ಮೀಟರಿನ ಗೆರೆ ತಳಕ್ಕೆ ಕೂತಿತು. ಬೇಲಿಯನ್ನು ಮುಟ್ಟಲೇ ಇಲ್ಲ.

ಈಗಲೂ ಸಂಜೆ ಟ್ರಾನ್ಸಿಸ್ಟರ್ ಹಿಡಿದು ಆ ಬೇಲಿಯ ಹತ್ತಿರ ನಿಂತರೆ ಟಕ್, ಟಕ್ ಎಂದು ಸ್ಪಷ್ಟವಾಗಿ ಕೇಳುತ್ತದೆ. ಕೇಬಲಿನೊಳಗೆ ಮಾತ್ರ ಅದು ಇಲ್ಲ.